ಕೆಂಪು ದೀಪ ಹತ್ತದ ಮುಹೂರ್ತ

ಗಂಡ ಸತ್ತವಳು ಮುಹೂರ್ತದ ಹೊತ್ತಿಗೆ ಎದುರಿಗೆ ಇರಬಾರದಂತೆ. ಇಂಥ ಮಾತಾಡುವವರ ಬಾಯಿಗೆ ಮಣ್ಣು ಹಾಕಬೇಕು. ನಮ್ಮ ಪಕ್ಕದ ಮನೆಯ ಅನ್ನದಾನಮ್ಮಕ್ಕ ಹೊಲಿಗೆ ಮಿಷನ್ ತುಳಿದು ಸಾಕಿದ ಒಬ್ಬಳೇ ಮಗಳು ಸುಮಲತಾ. ಕೊಟ್ಟೂರಿನ ಸಾಮೂಹಿಕ ಮದುವೆಯಲ್ಲಿ ಅವಳಿಗೆ ತಾಳಿ ಕಟ್ಟುವಾಗ ತಾಯಿ ಮನೆಯಲ್ಲೇ ಇರಲಿ ಎಂದು ಬೀಗರ ಹಿರಿಯರು ಹೇಳಿಬಿಟ್ಟರು.

ಆ ಮದುವೆಯನ್ನು ಕೇಬಲ್ ಟೀವಿಯಲ್ಲಿ ಲೈವ್ ತೋರಿಸುವ ಕೆಲಸ ನನ್ನದು. ಹಿಂದಿನ ದಿನ ಅಕ್ಕ ನಮ್ಮ ಬಾಗಿಲಿಗೆ ಬಂದಳು.

"ದಸ್ತಗಿರಿ, ತಾಳಿ ಕಟ್ಟೋದೊಂದು ತೋರ್ಸಪ್ಪ. ಟೀವಿ ಮುಂದ ಕುಂತು ಅಕ್ಷತಿ ಹಾಕ್ತೀನಿ."

"ತೋರಿಸ್ತೀನಿ ಬಿಡಕ್ಕ" ಎಂದೆ. ಸುಮಲತಾಗೂ ಹೇಳಿದೆ: "ನಿನ್ನ ಮುಂದಿನ ಕ್ಯಾಮೆರಾ ಮ್ಯಾಲ ಕೆಂಪು ದೀಪ ಹತ್ತಿದ್ರ ನಿಮ್ಮವ್ವ ನೋಡಾಕತ್ಯಾಳ ಅಂತ ತಿಳ್ಕೋ."

ವೇದಿಕೆಯ ಹಿಂದೆ ಶಾಮಿಯಾನದಲ್ಲಿ ನನ್ನ ಮಿಕ್ಸರ್. ಒಂದು ಕ್ಯಾಮೆರಾ ಸುಮಲತಾಳ ಮುಂದೆ, ಇನ್ನೊಂದು ಭಾಷಣ ಮಾಡುವ ಅತಿಥಿಯ ಮುಂದೆ. ಎದುರಿಗೆ ಎರಡು ಟೀವಿ. ಒಂದರಲ್ಲಿ ಜನರಿಗೆ ಹೋಗುತ್ತಿರುವ ಚಿತ್ರ, ಇನ್ನೊಂದರಲ್ಲಿ ಅದರ ಬೆನ್ನಿಗೆ ಹೋಗಲು ಕಾದಿರುವ ಚಿತ್ರ. ಗುಂಡಿ ಒತ್ತಿದರೆ ಎರಡೂ ಅದಲುಬದಲು. ಜನರಿಗೆ ಹೋಗುತ್ತಿರುವ ಕ್ಯಾಮೆರಾದ ದೀಪವಷ್ಟೇ ಹತ್ತುತ್ತದೆ.

ಮುಹೂರ್ತ ಹತ್ತಿರ ಬಂತು. ಸುಮಲತಾಳ ಮುಖಕ್ಕೆ ಗುಂಡಿ ಒತ್ತಿದೆ. ಮೈದಾನದ ದೊಡ್ಡ ಪರದೆಯಲ್ಲೂ ಅವಳೇ. ಅಷ್ಟರಲ್ಲಿ ನನ್ನ ಹೆಂಡತಿ ಗೌಸಿಯಾಳ ಫೋನು.

"ಏನ್ರೀ, ಇಲ್ಲಿ ಬರೀ ಭಾಷಣ ಮಾಡೋ ಅತಿಥಿ ಕಾಣಾಕತ್ಯಾನ. ಅಕ್ಕ ಅಕ್ಷತಿ ಹಿಡ್ಕೊಂಡು ಕುಂತಾಳ."

ಪರೀಕ್ಷೆಗೆಂದು ಅತಿಥಿಗೆ ಒತ್ತಿದೆ. "ಈಗ ಬಂದ್ಲು, ಬಂದ್ಲು!" ಎಂದಳು. ಸುಮಲತಾಗೆ ಒತ್ತಿದೆ. ಮನೆಯಲ್ಲಿ ಮತ್ತೆ ಅತಿಥಿ! ಟಾರ್ಚ್ ಹಿಡಿದು ಮಿಕ್ಸರಿನ ಬೆನ್ನು ನೋಡಿದೆ. ಕೇಬಲ್ಲಿನ ಹುಲುಗಣ್ಣ, ದರಿದ್ರದವನು, ಊರಿನ ಮನೆಗಳಿಗೆ ಹೋಗುವ ವೈರನ್ನು ಕಾದಿರುವ ಚಿತ್ರದ ತೂತಿಗೆ ತುರುಕಿದ್ದ. ಪರದೆಯ ವೈರು ಮಾತ್ರ ಸರಿಯಾಗಿತ್ತು.

ಕಿತ್ತು ಪಕ್ಕದ ತೂತಿಗೆ ಹಾಕಬೇಕೆಂದು ಕೈ ಹಾಕಿದೆ. ಗಟ್ಟಿಮೇಳ ಶುರುವಾಗಿಬಿಟ್ಟಿತು. ಈಗ ಕಿತ್ತರೆ ಅಕ್ಕನಿಗೆ ಬರೀ ಕತ್ತಲೆ. ಮಗಳಿಗೆ ದೀಪ ಹತ್ತಿಸಿದರೆ ತಾಯಿಗೆ ಕಾಣುವುದು ಅತಿಥಿಯ ಮುಖ. ಇಬ್ಬರಿಗೂ ಕೊಡುವ ದಾರಿ ಇರಲಿಲ್ಲ.

ಅತಿಥಿಗೆ ಒತ್ತಿದೆ. ಸುಮಲತಾಳ ಮುಂದಿನ ದೀಪ ಆರಿತು.

"ಅರುಣಕುಮಾರ, ಅವ್ವ ನೋಡಾಕತ್ಯಾಳ ಅಂತ ಆಕಿಗೆ ಹೇಳಲೇ!" ಎಂದು ಆ ಕ್ಯಾಮೆರಾದವನಿಗೆ ಹೆಡ್‌ಫೋನಿನಲ್ಲಿ ಅರಚಿದೆ. ಅವನೂ ಕೂಗಿದ. ಓಲಗದ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ತಾಳಿ ಕೊರಳಿಗೆ ಬರುವಾಗ ಅವಳು ತಲೆ ಎತ್ತಿ ದೀಪ ಹುಡುಕಿದಳು. ಇರಲಿಲ್ಲ. ಕಣ್ಣು ತುಂಬಿ ಬಂದು ಮುಖ ಕೆಳಗೆ ಹಾಕಿದಳು. ಪರದೆ ಮೇಲೆ ತಾಳಿ ಬರಲಿಲ್ಲವೆಂದು ಸಂಘಟಕರು ಬಂದು ಬೈದರು.

ಸಂಜೆ ಮದುಮಕ್ಕಳು ಬೀಗರ ಜೊತೆ ಅಕ್ಕನ ಮನೆಗೆ ಬಂದರು. ವಿಷಯ ತಿಳಿಸೋಣವೆಂದು ನಾನೂ ಹಿಂದೆ ಹೋದೆ. ಸುಮಲತಾ ಒಳಗೆ ಕಾಲಿಟ್ಟವಳೇ ಅತ್ತಳು.

"ಅವ್ವಾ, ದೀಪ ಹತ್ಲೇ ಇಲ್ಲ. ನೀ ನನ್ನ ನೋಡ್ಲಿಲ್ಲ."

ಅಕ್ಕ ಟೀವಿ ಕಡೆ ಕೈ ತೋರಿಸಿದಳು. ಟೀವಿಯ ನೆತ್ತಿಯ ಮೇಲೆ, ಮುಂದಿನ ನೆಲದ ಮೇಲೆ ಅರಿಶಿನದ ಅಕ್ಕಿ ಬಿದ್ದಿತ್ತು.

ಸುಮಲತಾ ಟೀವಿಯ ಮೇಲಿನ ಕಾಳುಗಳನ್ನೆಲ್ಲ ಬಳಿದು ಬೊಗಸೆಗೆ ತುಂಬಿಕೊಂಡಳು. ತಂದು ತಾಯಿಯ ಕೈಗೆ ಸುರಿದು ತಲೆ ಬಾಗಿದಳು. ಬೀಗರ ಹಿರಿಯರು ಹೊಸ್ತಿಲಲ್ಲೇ ನಿಂತಿದ್ದರು. ಅವರೆದುರಿಗೇ ಅನ್ನದಾನಮ್ಮಕ್ಕ ಮಗಳ ತಲೆಯ ಮೇಲೆ ಅಕ್ಷತೆ ಹಾಕಿದಳು.