ಶನಿವಾರದ ಬಚ್ಚಲ ನೀರು

ಮೇಗರವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ವರದಮ್ಮನಿಗೆ ತನಗೆ ತಿಳಿಯದ್ದು ಲೋಕದಲ್ಲೇ ಇಲ್ಲವೆಂಬ ಭ್ರಮೆ. ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಅವಳ ಬಚ್ಚಲ ಹಿಂದಿನ ದಾಳಿಂಬೆ ಕಾಯಿಗಳು ಬಲಿಯುವ ಮೊದಲೇ ಬಿರಿಯತೊಡಗಿದವು. ಕಾರಣ ಹುಡುಕುವ ಕಷ್ಟ ಅವಳು ತೆಗೆದುಕೊಳ್ಳಲಿಲ್ಲ. ಸೊಸೆ ಸರೋಜ ಇದ್ದಳಲ್ಲ.

ಹಿತ್ತಲು ಗುಡಿಸುವವಳು ಸರೋಜ. ಬಿರಿದ ಕಾಯಿಯನ್ನು ಮೊದಲು ಕಾಣುವವಳೂ ಅವಳೇ. ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬದವಳ ಕಣ್ಣು ತಾಗಿತೆಂದು ವರದಮ್ಮ ಊರಿಗೆಲ್ಲ ಹೇಳಿದಳು. ಗಿಡಕ್ಕೊಂದು ಹರಕು ಚಪ್ಪಲಿ ಕಟ್ಟಿದಳು. ಅಷ್ಟಕ್ಕೇ ಬಿಡಲಿಲ್ಲ. ಹುಲಿಕಲ್‌ನಲ್ಲಿ ಮಗಳ ಎರಡನೇ ಕೂಸನ್ನು ತೊಟ್ಟಿಲಿಗೆ ಹಾಕುವುದಕ್ಕೆ ಹದಿನೈದು ದಿನ ಉಳಿದಿತ್ತು. ಅಲ್ಲಿಗೆ ಸರೋಜ ಬರಕೂಡದೆಂದಳು.

ಸರೋಜ ಆ ಕೂಸಿಗೆಂದು ತಾನೇ ಹೊಲಿದ ಕುಲಾವಿ ಹಿಡಿದು ನನ್ನಲ್ಲಿಗೆ ಬಂದಳು. ಹುಲಿಕಲ್ ಕಡೆ ಹೋಗುವವರ ಕೈಲಿ ಕೊಡಬೇಕಂತೆ. ಕಾಯಿ ಯಾವಾಗ ಬಿರಿಯುತ್ತದೆಂದು ಕೇಳಿದೆ. ಬೆರಳು ಮಡಚಿ ದಿನ ಎಣಿಸಿದಳು.

“ನಾನು ದಿನಾ ನೋಡ್ತೀನಿ ಜಲಜಕ್ಕ. ಅವು ಭಾನುವಾರವೇ ಒಡೀತವೆ.”

ಬೇಸಿಗೆಯಲ್ಲಿ ಬಾವಿ ತಳ ಕಂಡಿತೆಂದು ಆ ಮನೆಯವರು ವಾರವಿಡೀ ಹಳ್ಳದಲ್ಲಿ ಮೀಯುತ್ತಿದ್ದರು. ಶನಿವಾರ ಮಾತ್ರ ಎಲ್ಲರಿಗೂ ಬಚ್ಚಲಲ್ಲಿ ಎಣ್ಣೆಸ್ನಾನ. ಆರು ದಿನ ಒಣಗಿದ ದಾಳಿಂಬೆ ಬುಡಕ್ಕೆ ಹಂಡೆಗಟ್ಟಲೆ ಬಚ್ಚಲ ನೀರು ಒಮ್ಮೆಗೇ ನುಗ್ಗುತ್ತಿತ್ತು. ಒಳಗಿನ ಕಾಳು ಉಬ್ಬಿದರೆ ಗಟ್ಟಿಯಾದ ಸಿಪ್ಪೆ ಬಿರಿಯದೆ ಏನು ಮಾಡೀತು? ವಾರವಾರ ಅಷ್ಟು ಎಣ್ಣೆ ಕುಡಿದ ವರದಮ್ಮನ ತಲೆಗೆ ಇದು ಹೊಳೆಯಲಿಲ್ಲ.

ಪಾತ್ರೆ ತೊಳೆದ ನೀರನ್ನು ದಿನಾ ಸಂಜೆ ಒಂದು ಕೊಡ ಹಾಕಲು, ಬುಡ ಒಣಗದಂತೆ ದರಗೆಲೆ ಮುಚ್ಚಲು, ಬಚ್ಚಲ ನೀರನ್ನು ಬಾಳೆಬುಡಕ್ಕೆ ತಿರುಗಿಸಲು ಸರೋಜನಿಗೆ ಹೇಳಿದೆ. ವರದಮ್ಮ ಜಗಲಿಯಲ್ಲಿ ಕೂತು ನಕ್ಕಳು.

“ಕಣ್ಣು ಹಾಕಿದ್ದೂ ಇವಳೇ, ನೀರು ಹಾಕೋಳೂ ಇವಳೇ.”

ಮೊದಲ ಭಾನುವಾರ ಎರಡು ಕಾಯಿ ಬಿರಿದವು. ಎರಡನೆಯ ಭಾನುವಾರ ನಾನೇ ಹೋಗಿ ನೋಡಿದೆ. ಗಿಡದಲ್ಲಿ ಉಳಿದಿದ್ದ ಒಂಬತ್ತಕ್ಕೆ ಒಂಬತ್ತೂ ದುಂಡಗಿದ್ದವು. ವರದಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

“ನೋಡಿದ್ಯಾ ಜಲಜ, ಚಪ್ಪಲಿ ಕಟ್ಟಿದ್ದಕ್ಕೆ ಉಳಿದ್ವು.”

ಅದೇ ಚಪ್ಪಲಿ ತೂಗುತ್ತಿರುವಾಗಲೇ ಹಿಂದೆ ಹತ್ತಾರು ಕಾಯಿ ಬಿರಿದಿದ್ದವು. ಅದನ್ನು ಅವಳಿಗೆ ವಿವರಿಸುವುದು ದಂಡ.

“ಹೌದು ಮಾರಾಯ್ತಿ,” ಎಂದೆ. “ಅಂಥ ಚಪ್ಪಲಿ ಇದ್ದ ಮೇಲೆ ಇವಳ ಕಣ್ಣಿಗೆ ಹೆದರೋದು ಎಂತಕ್ಕೆ? ತೊಟ್ಟಿಲಿಗೂ ಅದನ್ನೇ ಕಟ್ಟು. ಇವಳನ್ನೂ ಕರ್ಕೊಂಡು ಹೋಗು.”

ಹಿಂದೆ ನಿಂತಿದ್ದ ಸರೋಜನ ಗಂಡ ಹೂವಪ್ಪ ಕಿಸಕ್ಕನೆ ನಕ್ಕ. ವರದಮ್ಮ ಗಿಡದ ಚಪ್ಪಲಿಯ ಗಂಟು ಬಿಚ್ಚತೊಡಗಿದಳು. ತಾನೇ ಹೊಗಳಿದ ಚಪ್ಪಲಿಯನ್ನು ಈಗ ಹಳಿಯುವಂತಿರಲಿಲ್ಲ.

ಮರುದಿನ ಮೂವರೂ ಬಸ್ಸು ಹತ್ತಿದರು. ಸರೋಜನ ಕೈಯಲ್ಲಿ ಕುಲಾವಿ, ವರದಮ್ಮನ ಚೀಲದಲ್ಲಿ ಕಾಗದ ಸುತ್ತಿದ ಚಪ್ಪಲಿ. ಬರುವ ತನಕ ಸಂಜೆ ಒಂದು ಕೊಡ ನೀರು ಹಾಕಲು ಸರೋಜ ನನಗೆ ಹೇಳಿ ಹೋಗಿದ್ದಳು. ಹಾಕಿದೆ. ಚಪ್ಪಲಿಯಿಲ್ಲದ ಗಿಡದಲ್ಲಿ ಒಂದು ಕಾಯಿಯೂ ಬಿರಿಯಲಿಲ್ಲ.