ಮರೆ

"ಮೊದ್ಲು ಮರೆ, ಆಮ್ಯಾಕೆ ಕರೆ. ಬ್ಯಾಟೆ ಅಂದ್ರೆ ಅಷ್ಟೇ ಕಣಪ್ಪ," ಎಂದರು ಮುನಿವೆಂಕಟಯ್ಯ, ಬೀಡಿಯನ್ನು ಹಚ್ಚದೆ ಬರೀ ಕಚ್ಚಿಕೊಂಡು.

ಮುಜಫ್ಫರ್ ಬೆಚ್ಚಿದ. ಹೆಂಡತಿ ಮಲ್ಕಾ ತೀರಿಕೊಂಡು, ನಲವತ್ತನೇ ದಿನದ ಚಾಲೀಸ್ವಾ ಮುಗಿದಾಗಿನಿಂದ ಅಲ್ಲಾಳಸಂದ್ರದಲ್ಲಿ ಎದುರಾದವರೆಲ್ಲ ಅವನಿಗೆ ಹೇಳುತ್ತಿದ್ದುದು ಅದೊಂದೇ ಮಾತು. ಮರೆ, ಮುಜಫ್ಫರ್, ಮರೆ. ಅವನ ಮನೆಮಾತಿನಲ್ಲಂತೂ ಅದಕ್ಕೆ ಇನ್ನೂ ಕೆಟ್ಟ ಅರ್ಥ. 'ಮರೇ' ಅಂದರೆ ಸತ್ತರು.

"ಯಾವ ಮರೆ, ತಾತ?"

"ಅಡಗಿ ಕುಂತ್ಕಣಾಕೆ ಒಂದು ಮರೆ ಬ್ಯಾಡ್ವೇನಯ್ಯ? ಗಿಡದ ಮರೆ, ಗೋಡೆ ಮರೆ. ಈ ಲೇಔಟೆಲ್ಲ ರಾಗಿ ಒಲ ಆಗಿದ್ದಾಗ ಗೌಜಲಕ್ಕಿಗೆ ನಾವು ಇಂಗೇ ಕಾಯ್ತಿದ್ದಿದ್ದು."

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಒಂದು ಮಳೆಮರ, ಅದರ ಮೇಲಿನ ಕೊಂಬೆಯಲ್ಲಿ ಮಲ್ಕಾಳ ಟರ್ಕಿ ಕೋಳಿ, ಯಾರೋ ನೇತುಹಾಕಿ ಹೋದ ಕಪ್ಪು ಚೀಲದ ಹಾಗೆ. ಅವಳು ಆಸ್ಪತ್ರೆಗೆ ಹೋದ ದಿನದಿಂದ ಅದು ಗೂಡು ಸೇರಿರಲಿಲ್ಲ. ಹಗಲೆಲ್ಲ ಕೆರೆಯ ದಂಡೆಯಲ್ಲಿ ವಾಕಿಂಗಿನವರನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು, ಸಂಜೆಗೆ ಮರ ಹತ್ತುತ್ತಿತ್ತು. ಬಡಾವಣೆ ಸಂಘದವರು ಕೋಳಿ ಹಿಡಿಯುವವರಿಗೆ ಹೇಳಿಯಾಗಿತ್ತು, ಇವತ್ತು ಅವರ ವ್ಯಾನು ಬರುತ್ತದೆ. ಅವರ ಕೈಗೆ ಸಿಕ್ಕ ಟರ್ಕಿ ವೀಸಾ ಇಲ್ಲದೆ ಬಿರಿಯಾನಿ ದೇಶಕ್ಕೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. "ಆ ಹಕ್ಕಿ ಮೇಲೆ ನಿಮಗೇನ್ರೀ ಹಕ್ಕು? ಹಿಡಿದು ಕಟ್ಟಾಕ್ಕೊಳ್ಳಿ, ಆಮೇಲೆ ಮಾತಾಡಿ," ಎಂದಿದ್ದ ಸಂಘದ ಕಾರ್ಯದರ್ಶಿ.

ಹಿಡಿಯುವುದೇನು ಕಷ್ಟ, ಮಲ್ಕಾಳ ದನಿಯಲ್ಲಿ ಕರೆದರಾಯಿತು. ಮುಜಫ್ಫರ್ ಮದುವೆ ಆರ್ಕೆಸ್ಟ್ರಾಗಳ ಮಿಮಿಕ್ರಿಯವನು. ಯಶವಂತಪುರ ಸ್ಟೇಷನ್ನಿನ ಅನೌನ್ಸ್‌ಮೆಂಟು, ಮೂರನೇ ವಿಸಿಲ್ಲಿಗೆ ಮುನಿಸಿಕೊಂಡ ಕುಕ್ಕರು, ಅಳುವುದಕ್ಕೆ ಮೊದಲು ಕ್ಯಾಮೆರಾ ಎಲ್ಲಿದೆ ಎಂದು ನೋಡುವ ಬೀಗತಿ, ಎಲ್ಲ ಅವನ ಗಂಟಲಲ್ಲಿದ್ದವು. ಮಲ್ಕಾ ದಿನಾ ಬೆಳಿಗ್ಗೆ ಹಿತ್ತಲ ಒಗೆಯುವ ಕಲ್ಲಿನ ಪಕ್ಕ ನಿಂತು "ಆವೋ ಮಿಯಾಂ, ಆವೋ" ಎಂದು ರಾಗವಾಗಿ ಕರೆಯುತ್ತಿದ್ದಳು. ಮಿಯಾಂ ಅಂದರೆ ಗಂಡನೋ ಕೋಳಿಯೋ ತಿಳಿಯದೆ ಇಬ್ಬರೂ ಬರುತ್ತಿದ್ದರು; ಕಾಳು ಮಾತ್ರ ಕೋಳಿಗೆ. ಅವನು ಒಳಗಿನಿಂದ ಅವಳದೇ ದನಿ ತೆಗೆದು ಕೋಳಿಯನ್ನು ಅಡುಗೆಮನೆಗೆ ಕರೆಸಿಕೊಂಡರೆ ಅವಳು ಪೊರಕೆ ಹಿಡಿದು ಬರುತ್ತಿದ್ದಳು, ನಗುವುದಕ್ಕೆ ಉಸಿರು ಸಾಲದೆ.

ಅವಳು ಹೋದ ಮೇಲೆ ಅವನು ಆ ದನಿ ತೆಗೆದಿರಲಿಲ್ಲ. ತೆಗೆಯಲು ಹೋಗಿ ಬರದಿದ್ದರೆ? ಫೋನಿನ ವಾಯ್ಸ್ ಮೆಸೇಜುಗಳಲ್ಲಿ ಅವಳು ಗ್ಯಾಸ್ ಬುಕ್ ಮಾಡಿ, ಕೊತ್ತಂಬರಿ ತನ್ನಿ ಎನ್ನುತ್ತಿದ್ದಳು. ಒಂದರಲ್ಲೂ 'ಆವೋ' ಎಂದು ಕರೆಯುತ್ತಿರಲಿಲ್ಲ. ದನಿ ಸರಿಯಿದೆಯೋ ಇಲ್ಲವೋ ಹೇಳಬಲ್ಲ ಜೀವ ಈಗ ಈ ಮರದ ಮೇಲಿದ್ದುದು ಒಂದೇ.

"ಎಲ್ಲಿ ಕುಂತ್ಕತೀಯ ಮುಜಪ್ಪ?" ಹಳೇ ಊರಿನವರೂ ಅವನ ಮನೆಯ ಮಾಲೀಕರೂ ಆದ ಮುನಿವೆಂಕಟಯ್ಯನವರ ಬಾಯಲ್ಲಿ ಅವನ ಹೆಸರು ಎಂದೋ ಗೌಡರ ಪೈಕಿ ಸೇರಿಹೋಗಿತ್ತು. "ಮರದ ಬುಡ ಬ್ಯಾಡ, ಮ್ಯಾಲಿಂದ ಕಾಣ್ತದೆ. ಮೋರಿ ಆಚೆನೂ ಬ್ಯಾಡ, ನಡೂಕೆ ಏನಾರ ಅಡ್ಡ ಇದ್ರೆ ಅದು ದಾಟಾಕಿಲ್ಲ. ಎತ್ಲಾಗೆ ಮನಸೈತೋ ಅತ್ಲಾಗೇ ಅಕ್ಕಿ ಇಳಿಯೋದು. ಆ ದಾರೀಲಿ ಕುಂತ್ಕ. ನನ್ ಕೇಳಿದ್ರೆ ನಿಮ್ಮನೆ ಇತ್ತಲೇ ಸರಿ, ಒಗೆಯೋ ಕಲ್ ಮಗ್ಗುಲಲ್ಲಿ."

"ಅಲ್ಲಿ ಬೇಡ ತಾತ."

"ಯಾಕೆ? ಆಯಮ್ಮ ಅಲ್ಲೇ ಅಲ್ವಾ ದಿನಾ ಕಾಳು ಆಕ್ತಿದ್ದಿದ್ದು?"

"ದಿನಾ ಕೆರೆ ಕಡೇನೇ ಹೋಗುತ್ತೆ ಈಗ. ಆ ಕಡೇನೇ ಕೂತ್ಕೋತೀನಿ."

ಮುದುಕರು ಅವನ ಮುಖ ನೋಡಿದರು. ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಮೋರಿಯ ಕಟ್ಟೆಯ ಮೇಲೆ ಹೋಗಿ ಕೂತರು.

ಕೆರೆಯ ಕಡೆ ಒಂದು ಮುರಿದ ಕಾಂಪೌಂಡು ಗೋಡೆಯಿತ್ತು. ಮುಜಫ್ಫರ್ ಅದರ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತ, ಮುಷ್ಟಿಯಲ್ಲಿ ಜೋಳ. ಗಂಟಲು ಸರಿಮಾಡಿಕೊಂಡ. "ಆವೋ ಮಿಯಾಂ, ಆವೋ..."

ಮರದಿಂದ ಗೊಳಗೊಳ ಎಂದು ಉತ್ತರ ಬಂತು.

ಇದೆ, ದನಿ ಇದೆ. ಇನ್ನೊಮ್ಮೆ ಕರೆದ. ಇನ್ನೊಮ್ಮೆ ಗೊಳಗೊಳ. ಕಣ್ಣು ತುಂಬಿ ಮೂರನೇ ಸಲಕ್ಕೆ ಬಾಯಿ ತೆರೆಯುವಷ್ಟರಲ್ಲಿ ವಾಯುನೆಲೆಯ ವಿಮಾನವೊಂದು ಆಕಾಶ ಹರಿದುಕೊಂಡು ಹೋಯಿತು. ಕೋಳಿ ಅದಕ್ಕೂ ಗೊಳಗೊಳ ಎಂದಿತು. ಏರ್‌ಪೋರ್ಟ್ ರೋಡಿನಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ಅದಕ್ಕೂ ಅಷ್ಟೇ, ಅದೇ ಸಡಗರ.

ಅವನ ಕೈ ಸಡಿಲಾಗಿ ಜೋಳ ಒಂದೊಂದೇ ಉದುರಿತು.

ಬೆಳಕಾಯಿತು. ಕೋಳಿ ಕೊಂಬೆಯ ಮೇಲೆ ಒಮ್ಮೆ ಮೈ ಕೊಡವಿತು, ಕತ್ತು ನೀಳ ಮಾಡಿತು, ಹಾರಿತು. ಕೆರೆಯ ಕಡೆಗಲ್ಲ. ಭಾರವಾಗಿ, ಓರೆಯಾಗಿ, ಅವನ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಪಕ್ಕ ಇಳಿಯಿತು.

ಮೋರಿಯ ಕಟ್ಟೆಯಿಂದ ಮುನಿವೆಂಕಟಯ್ಯ ಕೈಸನ್ನೆ ಮಾಡಿದರು. ಕರೆ, ಕರೆ. ಮುಜಫ್ಫರ್ ಬಾಯಿ ತೆರೆದ. ಅವಳ ದನಿ ಹಾಗಿರಲಿ, ಸ್ಟೇಷನ್ನೂ ಬರಲಿಲ್ಲ, ಕುಕ್ಕರೂ ಬರಲಿಲ್ಲ. ಗೇಟಿನ ಕಡೆ ಯಾವುದೋ ವ್ಯಾನು ಬಂದು ನಿಂತ ಸದ್ದಾಯಿತು; ಅದಕ್ಕೆ ಮಾತ್ರ ಕೋಳಿ ಓಗೊಡಲಿಲ್ಲ.

ಅದು ಕತ್ತು ಓರೆ ಮಾಡಿ ಹಿತ್ತಲ ಬಾಗಿಲನ್ನೇ ನೋಡುತ್ತ ನಿಂತಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ. ಬೀಗದ ಕೈ ಗೋಡೆಯ ಮರೆಯಲ್ಲಿ, ಮುಜಫ್ಫರನ ಜೇಬಿನಲ್ಲಿತ್ತು.