ಏಳುನೂರು ಮೀಟರ್

ಮಂಡಿಕಲ್ ಕಡೆಯಿಂದ ಬರುವ ಹಳ್ಳಿ ರಸ್ತೆ ಹೈವೇಗೆ ಸೇರುವ ಜಾಗದಲ್ಲಿ ನಿಂತು ಬಲಕ್ಕೆ ನೋಡಿದರೆ ಗಾರ್ಮೆಂಟ್ಸ್ ಕಾರ್ಖಾನೆಯ ನೀಲಿ ಶೀಟಿನ ಚಾವಣಿ ಕಾಣುತ್ತಿತ್ತು. ಅಲ್ಲಿಗೆ ಏಳುನೂರು ಮೀಟರ್, ಅಷ್ಟೇ. ಆದರೆ ಬಲಕ್ಕೆ ತಿರುಗುವಂತಿಲ್ಲ. ಆ ಬದಿಯ ರಸ್ತೆಯಲ್ಲಿ ಗಾಡಿಗಳೆಲ್ಲ ಹೈದರಾಬಾದ್ ಕಡೆಯಿಂದ ಬೆಂಗಳೂರಿನತ್ತ, ಅಂದರೆ ಬಲದಿಂದ ಎಡಕ್ಕೆ ಓಡುತ್ತವೆ. ನಿಯಮದ ಪ್ರಕಾರ ಹೋಗುವವನು ಎಡಕ್ಕೆ ತಿರುಗಿ, ಚಿಕ್ಕಬಳ್ಳಾಪುರದ ದಿಕ್ಕಿಗೆ ಮೂರು ಕಿಲೋಮೀಟರ್ ಹೋಗಿ, ಯೂ ಟರ್ನ್ ತೆಗೆದುಕೊಂಡು, ಆಚೆ ಬದಿಯಲ್ಲಿ ವಾಪಸ್ ಬಂದು, ಕಾರ್ಖಾನೆಯನ್ನೂ ದಾಟಿ ಎರಡು ಕಿಲೋಮೀಟರ್ ಮುಂದೆ ಹೋಗಿ, ಅಲ್ಲಿ ಇನ್ನೊಂದು ಯೂ ಟರ್ನ್ ತೆಗೆದುಕೊಳ್ಳಬೇಕು. ಎಲ್ಲ ಸೇರಿ ಹತ್ತು ಹನ್ನೊಂದು ಕಿಲೋಮೀಟರ್. ರಸ್ತೆ ಮಾಡಿದವರು ಆ ಜಾಗದಲ್ಲಿ ಸರ್ವಿಸ್ ರಸ್ತೆ ಬಿಡಲಿಲ್ಲ. ಬರುತ್ತೆ ಬರುತ್ತೆ ಅನ್ನುತ್ತಲೇ ಐದಾರು ವರ್ಷ ಕಳೆದಿತ್ತು.

ಹಾಗಾಗಿ ಎಲ್ಲರೂ ಬಲಕ್ಕೇ ತಿರುಗುತ್ತಿದ್ದರು. ಹಾಲಿನ ಗಾಡಿ, ಹುಲ್ಲು ಹೊತ್ತ ಬೈಕು, ಟ್ರ್ಯಾಕ್ಟರು. ಷರೀಫನ ಟೆಂಪೋ ಕೂಡ.

ಷರೀಫ್ ಶಿಡ್ಲಘಟ್ಟದವನು. ವಯಸ್ಸು ಐವತ್ತೆರಡು. ಹದಿನೆಂಟು ವರ್ಷ ಲಾರಿ ಓಡಿಸಿ ನಾಗಪುರದವರೆಗೂ ಹೋಗಿ ಬಂದವನು. ಒಂದು ಕೋಳಿಯನ್ನೂ ಕೊಂದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ, ಅದು ಸುಳ್ಳಲ್ಲ. ನಾಲ್ಕು ವರ್ಷದಿಂದ ಊರಿನ ಹನ್ನೆರಡು ಹೆಂಗಸರನ್ನು ಬೆಳಿಗ್ಗೆ ಕಾರ್ಖಾನೆಗೆ ಬಿಟ್ಟು ಸಂಜೆ ಕರೆತರುತ್ತಿದ್ದ. ಗೇಟು ಎಂಟೂವರೆಗೆ ಮುಚ್ಚುತ್ತಿತ್ತು. ಒಂದು ನಿಮಿಷ ತಡವಾದರೂ ಅರ್ಧ ದಿನ ಕಟ್. ಹೆಡ್‌ಲೈಟು, ನಾಲ್ಕೂ ಇಂಡಿಕೇಟರು ಹಾಕಿಕೊಂಡು, ರಸ್ತೆಯ ಅಂಚಿಗೇ ಅಂಟಿಕೊಂಡು ಆ ಏಳುನೂರು ಮೀಟರ್ ಎದುರು ದಿಕ್ಕಿನಲ್ಲಿ ಹೋಗುವುದು ಅವನ ಲೆಕ್ಕದಲ್ಲಿ ತಪ್ಪೇ ಆಗಿರಲಿಲ್ಲ. ಬೀದಿ ದಾಟಿದ ಹಾಗೆ, ಅಷ್ಟೇ.

ನವೆಂಬರಿನಲ್ಲಿ ತನುಜ ಎಂಬಾಕೆ ಸೇರಿಕೊಂಡಳು. ಚಿಂತಾಮಣಿಯ ಹುಡುಗಿ, ಹೊಲಿದ ಬಟ್ಟೆ ಪರೀಕ್ಷಿಸುವ ವಿಭಾಗದಲ್ಲಿ ಸೂಪರ್‌ವೈಸರ್, ಶಿಡ್ಲಘಟ್ಟದಲ್ಲಿ ರೂಮು ಮಾಡಿಕೊಂಡಿದ್ದಳು. ಮೊದಲ ದಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂತಳು. ಹೈವೇ ಬಂತು, ಷರೀಫ್ ಬಲಕ್ಕೆ ಸ್ಟೀರಿಂಗ್ ತಿರುಗಿಸಿದ.

"ಅಣ್ಣ, ಒಂದ್ನಿಮಿಷ ನಿಲ್ಸಿ," ಅಂದಳು.

"ಯಾಕಮ್ಮ, ಏನಾದ್ರೂ ಮರೆತ್ರಾ?"

"ಇಲ್ಲ. ಇದು ರಾಂಗ್ ಸೈಡ್. ನಾನು ನಡ್ಕೊಂಡು ಬರ್ತೀನಿ, ನೀವು ಹೋಗಿ."

ಇಳಿದು, ಬ್ಯಾಗು ಹೆಗಲಿಗೇರಿಸಿ, ಕಬ್ಬಿಣದ ತಡೆಗೋಡೆಯ ಆಚೆಗಿನ ಮಣ್ಣು ದಾರಿಯಲ್ಲಿ ಬಿರಬಿರನೆ ನಡೆಯತೊಡಗಿದಳು. ಟೆಂಪೋದಲ್ಲಿ ನಗು ಎದ್ದಿತು. "ಒಳ್ಳೆ ಮೇಡಂ ಸಿಕ್ಕಿದ್ರು ಕಣಣ್ಣ ನಿಂಗೆ," ಎಂದು ಹಿಂದಿನ ಸೀಟಿನ ವರಲಕ್ಷ್ಮಮ್ಮ ಅಂದಳು. ಷರೀಫನೂ ನಕ್ಕ.

ಮಾರನೆಯ ದಿನವೂ ಅವಳು ಅಲ್ಲೇ ಇಳಿದಳು. ಅದರ ಮಾರನೆಯ ದಿನವೂ. ಕಾರ್ಖಾನೆಯ ಗೇಟಿಗೆ ಕೊನೆಯವಳಾಗಿ, ಎಂಟು ಇಪ್ಪತ್ತೊಂಬತ್ತಕ್ಕೆ, ಬೆವರು ಒರೆಸಿಕೊಳ್ಳುತ್ತ ತಲುಪುತ್ತಿದ್ದಳು. ಒಂದು ವಾರ ಕಳೆಯುವಷ್ಟರಲ್ಲಿ ನಗು ನಿಂತಿತು, ಷರೀಫನಿಗೆ ಸಿಟ್ಟು ಶುರುವಾಯಿತು. ದಿನಾ ಬೆಳಿಗ್ಗೆ ಹನ್ನೆರಡು ಜನರ ಮುಂದೆ ಯಾರೋ ನಿನ್ನದು ತಪ್ಪು ಎಂದು ತನ್ನ ಮುಖಕ್ಕೆ ಹೇಳಿದ ಹಾಗೆ ಇರುತ್ತಿತ್ತು ಅವಳು ಇಳಿಯುವುದು.

ಒಂದು ಸಂಜೆ ಉಳಿದವರೆಲ್ಲ ಇಳಿದ ಮೇಲೆ ಅವಳನ್ನು ಕೇಳಿಯೇ ಬಿಟ್ಟ. "ನನ್ ಡ್ರೈವಿಂಗ್ ಮೇಲೆ ನಂಬಿಕೆ ಇಲ್ವಾ ನಿಮಗೆ?"

ತನುಜ ಬ್ಯಾಗು ಮಡಿಲಿಗೆ ಎಳೆದುಕೊಂಡಳು. "ನನಗೆ ನನ್ ಮೇಲೇ ನಂಬಿಕೆ ಇತ್ತು ಅಣ್ಣ. ಎರಡು ವರ್ಷದ ಹಿಂದೆ, ಚಿಂತಾಮಣಿ ಬೈಪಾಸ್‌ನಲ್ಲಿ ಪೆಟ್ರೋಲ್ ಹಾಕಿಸ್ಕೊಳ್ಳಕ್ಕೆ ಇನ್ನೂರು ಹೆಜ್ಜೆ ರಾಂಗ್ ಸೈಡಲ್ಲಿ ಸ್ಕೂಟರ್ ತಗೊಂಡು ಹೋದೆ. ಎದುರುಗಡೆ ಮೊಪೆಡ್‌ನಲ್ಲಿ ಕೊಂಡಪ್ಪ ಅಂತ ಒಬ್ರು ಬಂದ್ರು. ನನಗೆ ಏನೂ ಆಗ್ಲಿಲ್ಲ. ಅವರ ಸೊಂಟ ಮುರೀತು. ಈಗ್ಲೂ ಕೋಲು ಹಿಡ್ಕೊಂಡೇ ನಡೀತಾರೆ, ನಮ್ಮಮ್ಮನ ಬೀದೀಲೇ. ನನ್ನ ಕಂಡ್ರೆ ಊಟ ಆಯ್ತಾ ಮಗಾ ಅಂತ ಕೇಳ್ತಾರೆ. ಬೈದಿದ್ರೆ ಚೆನ್ನಾಗಿರ್ತಿತ್ತು."

ಷರೀಫನಿಗೆ ಆ ರಾತ್ರಿ ಊಟ ಮಾಡುವಾಗಲೂ ಆ ಕೊಂಡಪ್ಪನ ನೆನಪು ಬಂತು. ಆದರೂ ಬೆಳಿಗ್ಗೆ ಹೈವೇಗೆ ಬಂದಾಗ ಗಡಿಯಾರ ಎಂಟು ಹತ್ತೊಂಬತ್ತು ತೋರಿಸುತ್ತಿತ್ತು. ಬಲಕ್ಕೇ ತಿರುಗಿದ.

ಡಿಸೆಂಬರಿನ ಮೂರನೆಯ ವಾರ ಒಂದು ದಿನ ಮಂಜು ಇಳಿದಿತ್ತು. ಚಳಿಗಾಲದಲ್ಲಿ ಆ ಕಡೆ ಮಂಜು ಹೊಸದೇನಲ್ಲ, ಆದರೆ ಅವತ್ತು ಎಂಟು ಗಂಟೆಯಾದರೂ ಅದು ಕರಗಲಿಲ್ಲ. ಹಳ್ಳಿ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಬಂದು ಹೈವೇ ಮುಟ್ಟುವಾಗ ಎಂಟು ಇಪ್ಪತ್ತೆರಡು. ಕಾರ್ಖಾನೆಯ ಚಾವಣಿ ಇರಲಿ, ಎದುರಿನ ಡಿವೈಡರೂ ಕಾಣುತ್ತಿರಲಿಲ್ಲ. ಗಾಡಿಗಳ ಸದ್ದು ಮೊದಲು ಬರುತ್ತಿತ್ತು, ಆಮೇಲೆ ದೀಪ, ಕೊನೆಗೆ ಗಾಡಿ.

"ಅಣ್ಣ, ಇವತ್ತೊಂದಿನ ಬೇಡ," ಅಂದಳು ತನುಜ. "ಎಡಕ್ಕೆ ಹೋಗಣ. ಲೇಟಾದ್ರೆ ಮ್ಯಾನೇಜರ್ ಹತ್ರ ನಾನು ಮಾತಾಡ್ತೀನಿ."

"ಹೋದ್ ತಿಂಗಳೂ ಯಾರೋ ಮಾತಾಡ್ತೀನಿ ಅಂದ್ರು," ಅಂದಳು ವರಲಕ್ಷ್ಮಮ್ಮ. "ನಂದು ಅರ್ಧ ದಿನ ಹೋಯ್ತು."

"ಭಾಯ್, ಬೇಗ ನಡೀರಿ. ನಿಂತಷ್ಟೂ ಲೇಟು," ಅಂದಳು ಅಜೀಜಾ. ಷರೀಫನ ಮನೆಯ ಎದುರು ಮನೆಯವಳು, ಬಾಗಿಲ ಸೀಟಿನ ಹಿಂದೆಯೇ ಕೂತಿದ್ದಳು.

ತನುಜ ಇಳಿದಳು. ಎರಡು ಹೆಜ್ಜೆಗೆ ಮಂಜಿನಲ್ಲಿ ಮರೆಯಾದಳು. ಷರೀಫ್ ಬಲಕ್ಕೆ ತಿರುಗಿದ.

ಮೊದಲ ಮುನ್ನೂರು ಮೀಟರ್ ಸಲೀಸಾಗಿ ಕಳೆಯಿತು. ಆಮೇಲೆ ಆರೇಳು ಮಾರು ದೂರದಲ್ಲಿ ಏನೋ ಕಪ್ಪಗೆ ಎದ್ದು ನಿಂತಂತೆ ಕಂಡು ಬ್ರೇಕ್ ಒತ್ತಿದ. ರಸ್ತೆಯಂಚಿನಲ್ಲಿ ಕೆಟ್ಟು ನಿಂತ ಲಾರಿ. ಒಂದು ದೀಪವಿಲ್ಲ, ಒಳಗೆ ಜನವಿಲ್ಲ. ಅದನ್ನು ದಾಟಬೇಕೆಂದರೆ ಅಂಚು ಬಿಟ್ಟು ರಸ್ತೆಯ ಮೇಲಕ್ಕೇ ಬರಬೇಕು. ಹಿಂದಕ್ಕೆ ಹೋಗೋಣವೆಂದು ಕನ್ನಡಿ ನೋಡಿದ. ಅವನ ಬೆನ್ನಿಗೇ ಒಂದು ಹಾಲಿನ ಗಾಡಿ ನಿಂತು ಹಾರ್ನ್ ಹೊಡೆಯುತ್ತಿತ್ತು.

ಕಿಟಕಿ ಇಳಿಸಿ ಕಿವಿಗೊಟ್ಟ. ಒಂದು ಬಸ್ಸು ಹೋಯಿತು. ಎರಡು ಕಾರು ಹೋದವು. ಆಮೇಲೆ ದೂರದಲ್ಲಿ ಲೋಡು ತುಂಬಿದ ಲಾರಿಯ ಗುಡುಗು. ಅದರ ದೀಪಗಳು ಡಿವೈಡರಿನ ಪಕ್ಕದ ಲೇನಿನಲ್ಲಿ ಕಂಡವು. ಅದು ಅಲ್ಲೇ ಬರುತ್ತದೆಂದು ಷರೀಫನಿಗೆ ಗೊತ್ತಿತ್ತು. ಲಾರಿಯವರು ಯಾರೂ ಆ ಲೇನು ಬಿಡುವುದಿಲ್ಲ. ಅವರ ಎಡದ ಲೇನಿನಲ್ಲಿ ಯಾವಾಗಲೂ ನಿಂತ ಗಾಡಿ, ನುಗ್ಗುವ ಬೈಕು, ಎದುರಿಗೇ ಬರುವ ಟೆಂಪೋ ಇರುತ್ತವೆ. ಅವನೂ ಲಾರಿ ಓಡಿಸುವಾಗ ಬಿಟ್ಟಿರಲಿಲ್ಲ. ನಡುವೆ ಒಂದಿಡೀ ಲೇನು ಖಾಲಿ ಇದೆ, ಲಾರಿ ಅದರ ಪಾಡಿಗೆ ಹೋಗುತ್ತದೆ, ಅಷ್ಟರಲ್ಲಿ ದಾಟಿಬಿಡಬಹುದು ಎಂದುಕೊಂಡ. ಮೊದಲ ಗೇರಿಗೆ ಹಾಕಿ ಎಡಕ್ಕೆ ಹೊರಬಂದ.

ಲೇನು ಬಿಡದ ಲಾರಿಯ ಹಿಂದೆ ಕಾಯುವ ಕಾರಿನವನು ಏನು ಮಾಡುತ್ತಾನೆಂದು ಮಾತ್ರ ಆ ಕ್ಷಣ ಅವನಿಗೆ ಹೊಳೆಯಲಿಲ್ಲ.

ಬರುತ್ತಿದ್ದ ಲಾರಿಯ ಎಡ ಮಗ್ಗುಲಿನಿಂದ ಎರಡು ಬಿಳಿ ದೀಪ ಸಿಡಿದು ಬಂದವು. ನೇರ ಅವನ ಮುಖಕ್ಕೆ. ಷರೀಫ್ ಎರಡೂ ಕಾಲಿನಿಂದ ಬ್ರೇಕ್ ತುಳಿದ. ಬಲಕ್ಕೆ ಹೋಗಲು ಕೆಟ್ಟ ಲಾರಿ ಅಡ್ಡ, ಎಡಕ್ಕೆ ಹೋದರೆ ಬರುವ ಲಾರಿ. ಹಿಂದಿನಿಂದ ಯಾರೋ "ಅಲ್ಲಾ" ಅಂದದ್ದು ಕೇಳಿಸಿತು. ಲಾರಿಯವನು ಬ್ರೇಕ್ ಒತ್ತಿದ್ದ, ಟೈರುಗಳು ಚೀರಿದವು, ಲಾರಿಯ ಮುಂದೆ ಒಂದಿಷ್ಟು ಜಾಗ ತೆರೆದುಕೊಂಡಿತು. ಕಾರು ಅತ್ತ ವಾಲಿ, ಟೆಂಪೋದ ಎಡ ಮಗ್ಗುಲನ್ನು ಉದ್ದಕ್ಕೂ ಕೆರೆದುಕೊಂಡು, ಲಾರಿಯ ಮೂತಿಯ ಮುಂದೆ ತೂರಿ ಡಿವೈಡರಿಗೆ ಬಡಿದು ನಿಂತಿತು.

ಹಿಂದಿದ್ದ ಹಾಲಿನ ಗಾಡಿ ರಿವರ್ಸ್ ಗೇರಿನಲ್ಲೇ ಮಂಜಿನೊಳಗೆ ಜಾರಿಕೊಂಡಿತು.

ಷರೀಫ್ ತಿರುಗಿ ನೋಡಿದ. ಬಾಗಿಲು ಒಳಕ್ಕೆ ಬಗ್ಗಿತ್ತು. ತನುಜ ಕೂರುತ್ತಿದ್ದ ಸೀಟು ಮಡಚಿಹೋಗಿತ್ತು. ಅದರ ಹಿಂದೆ ಅಜೀಜಾ ಬಲಗೈ ಎದೆಗೆ ಅವಚಿಕೊಂಡು ಕೂತಿದ್ದಳು, ಹಣೆಯಿಂದ ರಕ್ತ ಇಳಿಯುತ್ತಿತ್ತು. ಉಳಿದವರು ಉಸಿರಾಡುತ್ತಿದ್ದರು. ಎಣಿಸಿದ. ಹನ್ನೆರಡು.

ಆಗ ಅವನಿಗೆ ನಿಜವಾದ ಭಯ ಹತ್ತಿತು. ಮೂರು ಗಾಡಿ ರಸ್ತೆಯ ಎರಡೂ ಲೇನು ಅಡ್ಡಗಟ್ಟಿ ನಿಂತಿವೆ, ಹೈದರಾಬಾದ್ ಕಡೆಯಿಂದ ಬರುವವನಿಗೆ ಮಂಜಿನಲ್ಲಿ ಕಾಣುವುದಿಲ್ಲ.

"ಎಲ್ರೂ ಹಿಂದಿನ ಬಾಗಿಲಿಂದ ಇಳೀರಿ. ಬ್ಯಾಗ್ ಬಿಡಿ. ತಡೆಗೋಡೆ ದಾಟಿ ತೋಟಕ್ಕೆ ಹೋಗಿ," ಎಂದ. ವರಲಕ್ಷ್ಮಮ್ಮ ಹೊದ್ದಿದ್ದ ಕೆಂಪು ಶಾಲು ಎಳೆದುಕೊಂಡು ಓಡಿದ. ಲಾರಿಯ ಡ್ರೈವರ್ ಹಿಂದಿನ ದೀಪಗಳನ್ನೆಲ್ಲ ಹೊತ್ತಿಸಿ ಇಳಿಯುತ್ತಿದ್ದ, ಅವನನ್ನೂ ದಾಟಿ ಓಡಿದ. ನೂರು ಹೆಜ್ಜೆ, ನೂರೈವತ್ತು. ರಸ್ತೆಯ ನಡುವೆ ನಿಂತು ಶಾಲು ಬೀಸಿದ. ಮೊದಲು ಬಂದ ಕಾರು ನಿಂತಿತು. ಅದರ ಪಕ್ಕ ಇನ್ನೊಂದು. ಅವುಗಳ ಹಿಂದೆ ಬಸ್ಸೊಂದು ಹಾರ್ನ್ ಹೊಡೆಯುತ್ತಲೇ ಬಂದು, ಅಂಚಿಗೆ ವಾಲಿ, ಅವನಿಂದ ಎರಡು ಮಾರು ಆಚೆ ನಿಂತಿತು. ಅದರ ಎಂಜಿನ್ನಿನ ಬಿಸಿ ಮುಖಕ್ಕೆ ತಾಗಿತು. ಷರೀಫ್ ಬೀಸುವುದನ್ನು ನಿಲ್ಲಿಸಲಿಲ್ಲ. ನಿಂತ ಗಾಡಿಗಳ ಸಾಲು ಬೆಳೆದು, ಬಸ್ಸಿನ ಕಂಡಕ್ಟರು ಬಂದು ತೋಳು ಹಿಡಿದ ಮೇಲೆಯೇ ಕೈ ಇಳಿಸಿದ.

ವಾಪಸ್ ಬಂದಾಗ ಹೆಂಗಸರು ಸೇವಂತಿಗೆ ತೋಟದ ಬದುವಿನಲ್ಲಿ ಕೂತಿದ್ದರು. ತನುಜ ಓಡಿಬಂದು ತನ್ನ ದುಪಟ್ಟಾದಿಂದ ಅಜೀಜಾಳ ಕೈ ಕಟ್ಟುತ್ತಿದ್ದಳು. ಷರೀಫನನ್ನು ತಲೆಯೆತ್ತಿ ನೋಡಿದಳು, ಮತ್ತೆ ಕೈ ಕಟ್ಟತೊಡಗಿದಳು.

ಕಾರಿನವನು ಮೂಗಿಗೆ ಕರ್ಚೀಫು ಒತ್ತಿಕೊಂಡು ಡಿವೈಡರಿನ ಮೇಲೆ ಕೂತಿದ್ದ. ಮುರಳಿಮೋಹನ್ ಎಂದು ಹೆಸರು, ಬಾಗೇಪಲ್ಲಿ ಕಡೆಯಿಂದ ಕೆಲಸಕ್ಕೆ ಹೊರಟವನು, ಒಬ್ಬನೇ ಇದ್ದ. ಹೆಂಗಸರು ಅವನ ಮೇಲೆ ಮಾತು ಎಸೆಯುತ್ತಲೇ ಇದ್ದರು. "ಎಡಗಡೆಯಿಂದ ನುಗ್ತಾನೆ, ಕಣ್ಣು ಕಾಣಲ್ವಾ?"

ಆಂಬುಲೆನ್ಸ್ ಬಂದು ಅಜೀಜಾಳನ್ನು ಕರೆದೊಯ್ಯಿತು. ಹಿಂದೆಯೇ ಪೊಲೀಸ್ ಜೀಪು ಬಂತು. ಹೆಡ್ ಕಾನ್‌ಸ್ಟೇಬಲ್ ಚೆನ್ನರಾಯಪ್ಪ ಎಂಬವರು ಇಳಿದು ಟೈರಿನ ಗುರುತುಗಳನ್ನು ನೋಡಿದರು, ಟೆಂಪೋ ಸುತ್ತ ಒಂದು ಸುತ್ತು ಬಂದರು.

"ಗಾಡಿ ಯಾರ್ದು?"

ಷರೀಫ್ ಬಾಯಿ ತೆರೆಯುವಷ್ಟರಲ್ಲಿ ವರಲಕ್ಷ್ಮಮ್ಮ ಮುಂದೆ ಬಂದಳು. "ನಮ್ ಟೆಂಪೋ ಸೈಡಲ್ಲಿ ನಿಂತಿತ್ತು ಸಾರ್. ಈಯಪ್ಪನೇ ಬಂದು ಗುದ್ದಿದ್ದು. ನಾವೆಲ್ಲ ನೋಡಿದೀವಿ."

"ಆ ಕಡೆ ಮುಖ ಮಾಡ್ಕೊಂಡು ನಿಂತಿತ್ತಾ?"

"ತಿರುಗಿಸ್ಕೋತಾ ಇತ್ತು ಸಾರ್," ಎಂದಿತು ಇನ್ನೊಂದು ದನಿ. ಮೂರ್ನಾಲ್ಕು ತಲೆಗಳು ಹೌದೆಂದು ಅಲ್ಲಾಡಿದವು.

ಚೆನ್ನರಾಯಪ್ಪ ಷರೀಫನ ಮುಖ ನೋಡಿದರು. ಕೆಟ್ಟ ಮನುಷ್ಯರಲ್ಲ, ಬೇಗ ರಸ್ತೆ ಬಿಡಿಸಿದರೆ ಸಾಕೆಂಬ ಅವಸರ ಅವರ ಕಣ್ಣಿನಲ್ಲಿತ್ತು. ಹೌದು ಸಾರ್ ಎಂದರೆ ಬರೆದುಕೊಂಡು ಹೋಗುತ್ತಿದ್ದರೇನೋ. ಲೈಸೆನ್ಸ್ ಹೋದರೆ ಮನೆ ನಡೆಯುವುದು ಹೇಗೆಂದು ಷರೀಫನಿಗೆ ಗೊತ್ತಿರಲಿಲ್ಲ. ಬದುವಿನ ಮೇಲೆ ನಿಂತಿದ್ದ ತನುಜ ಬೇರೆಲ್ಲೋ ನೋಡುತ್ತಿದ್ದಳು. ಅವಳು ತನ್ನನ್ನು ನೋಡುತ್ತಿದ್ದರೆ ಸುಳ್ಳು ಹೇಳುವುದು ಸುಲಭವಾಗುತ್ತಿತ್ತೇನೋ, ಹಟಕ್ಕಾದರೂ.

"ನಾನೇ ರಾಂಗ್ ಸೈಡಲ್ಲಿ ಬಂದೆ ಸಾರ್," ಅಂದ. "ಆ ಕ್ರಾಸಿಂದ. ಈ ಕೆಟ್ಟು ನಿಂತಿರೋ ಲಾರಿ ದಾಟಕ್ಕೆ ಅಂತ ರಸ್ತೆಗೆ ಹೊರಗೆ ಬಂದೆ. ಇವರು ಹೇಳೋದು ನನ್ ಮೇಲಿನ ವಿಶ್ವಾಸಕ್ಕೆ."

ವರಲಕ್ಷ್ಮಮ್ಮ ತಲೆ ತಗ್ಗಿಸಿದಳು. ಮುರಳಿಮೋಹನ್ ಕರ್ಚೀಫು ತೆಗೆದು ಎದ್ದು ನಿಂತ.

"ನಂದೂ ಬರ್ಕೊಳಿ ಸಾರ್. ಲಾರಿ ದಾರಿ ಬಿಡ್ತಿರ್ಲಿಲ್ಲ, ಎಡಗಡೆಯಿಂದ ಓವರ್‌ಟೇಕ್ ಮಾಡ್ದೆ. ಮಂಜಲ್ಲಿ ಎಂಬತ್ತರ ಮೇಲಿದ್ದೆ."

ಚೆನ್ನರಾಯಪ್ಪ ಇಬ್ಬರನ್ನೂ ನೋಡಿ, ಪೆನ್ನಿನ ಮುಚ್ಚಳ ತೆಗೆದರು. "ಮೂವತ್ತು ವರ್ಷ ಸರ್ವೀಸಲ್ಲಿ ಇಬ್ರೂ ಒಟ್ಟಿಗೆ ಒಪ್ಕೊಂಡಿದ್ದು ಇವತ್ತೇ," ಎಂದು ಬರೆಯತೊಡಗಿದರು.

ಕೇಸಾಯಿತು. ಷರೀಫನ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ಅಜೀಜಾಳ ಮಣಿಕಟ್ಟಿನಲ್ಲಿ ಎರಡು ಕಡೆ ಮುರಿದಿತ್ತು. ಹೊಲಿಗೆ ಯಂತ್ರದ ಮುಂದೆ ಕೂರುವ ಕೈ ಅದು. ವಾರಕ್ಕೊಮ್ಮೆ ಷರೀಫ್ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಸರದಿಯಲ್ಲಿ ಕೂತು ಬರುತ್ತಿದ್ದ.

"ಬೇಗ ನಡೀರಿ ಅಂದಿದ್ದು ನಾನೇ ಅಲ್ವಾ ಭಾಯ್," ಎಂದು ಅವಳೊಮ್ಮೆ ಹೇಳಿದಳು.

"ಸ್ಟೀರಿಂಗ್ ನನ್ ಕೈಲಿತ್ತಮ್ಮ," ಅಂದ.

ಆ ತಿಂಗಳುಗಳಲ್ಲಿ ತನುಜ ಒಂದು ಅರ್ಜಿ ಬರೆದು, ಕಾರ್ಖಾನೆಯ ನಾನೂರು ಜನರ ಸಹಿ ಹಾಕಿಸಿದಳು. ಸರ್ವಿಸ್ ರಸ್ತೆ ಬೇಕು, ಇಲ್ಲದಿದ್ದರೆ ಹತ್ತಿರದಲ್ಲೊಂದು ಅಂಡರ್‌ಪಾಸ್. ಹೈವೇ ಇಲಾಖೆಯ ಇಬ್ಬರು ಬಂದು ಟೇಪು ಹಿಡಿದು ಅಳೆದು, ಬಿಳಿ ಬಣ್ಣದಲ್ಲಿ ಗುರುತು ಹಾಕಿ ಹೋದರು. ಮ್ಯಾನೇಜರು ಗೇಟಿನ ಸಮಯ ಬದಲಾಯಿಸಲು ಒಪ್ಪಲಿಲ್ಲ.

ಮಾರ್ಚ್ ಕೊನೆಗೆ ಷರೀಫ್ ಮತ್ತೆ ಟೆಂಪೋ ತೆಗೆದ. ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದ್ದ: ಇಪ್ಪತ್ತು ನಿಮಿಷ ಮೊದಲು ಹೊರಡ್ತೀನಿ, ಎಡಕ್ಕೇ ತಿರುಗ್ತೀನಿ. ಹನ್ನೆರಡರಲ್ಲಿ ಐವರು ಬಂದರು, ತನುಜ ಆರನೆಯವಳು. ವರಲಕ್ಷ್ಮಮ್ಮ ಬಂದದ್ದು ಅವನಿಗೇ ಆಶ್ಚರ್ಯ. ಉಳಿದವರು ಬೇರೆ ಗಾಡಿ ಹಿಡಿದಿದ್ದರು.

ಹೈವೇ ಬಳಿ ಒಂದು ಹಾಲಿನ ಗಾಡಿ ಅವನನ್ನು ದಾಟಿ ಬಲಕ್ಕೆ ತಿರುಗಿತು. ಷರೀಫ್ ಎಡಕ್ಕೆ ತಿರುಗಿದ. ಮೂರು ಕಿಲೋಮೀಟರ್ ಆದ ಮೇಲೆ ಯೂ ಟರ್ನಿಗೆಂದು ಬಲದ ಲೇನಿಗೆ ಸರಿಯಬೇಕಿತ್ತು. ಕನ್ನಡಿಯಲ್ಲಿ ಲಾರಿಗಳು ದೊಡ್ಡದಾಗುತ್ತಿದ್ದವು. ಇಂಡಿಕೇಟರ್ ಹಾಕಿ, ಕಾದು, ಮೆಲ್ಲಗೆ ಸರಿದು, ಡಿವೈಡರಿನ ತೆರವಿನಲ್ಲಿ ನಿಂತ. ಎದುರಿನಿಂದ ಗಾಡಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಹಿಂದೆ ಯಾರೋ ಹಾರ್ನ್ ಹೊಡೆದರು.

"ಹೊಡ್ಕೊಳ್ಲಿ ಬಿಡಣ್ಣ," ಅಂದಳು ವರಲಕ್ಷ್ಮಮ್ಮ.

ಷರೀಫ್ ರಸ್ತೆ ಖಾಲಿಯಾಗುವವರೆಗೂ ಕಾದ. ಗೇಟಿಗೆ ಬಂದಾಗ ಎಂಟು ಇಪ್ಪತ್ತಾರು. ಆರು ಜನ ಇಳಿದು ಒಳಗೆ ಹೋದರು. ಅವನು ಎಂಜಿನ್ ಆರಿಸಿ, ಗೇಟು ಮುಚ್ಚುವವರೆಗೂ ಸೀಟಿನಲ್ಲೇ ಕೂತಿದ್ದ.